ಜೋಳದ ಕಣಜದಿಂದ ಐರ್ಲೆಂಡಿಗೆ ಒಂದು ಬಾಟಲಿ

ಗೊಳಸಂಗಿ

ಸ್ಕಾಚ್ ಬೇರೆ, ಐರಿಷ್ ವಿಸ್ಕಿ ಬೇರೆ ಎಂಬುದು ನನಗೆ ತಿಳಿದದ್ದು ಹುಟ್ಟಿದಾಗಿನಿಂದ ಒಂದು ಹನಿ ಸೆರೆ ಮುಟ್ಟದ ಮನುಷ್ಯನ ಜೊತೆ ತಿರುಗಾಡಿದ ಮೇಲೆ. ಅವರು ನಮ್ಮ ಅಪ್ಪನ ತಮ್ಮ ಶಿವಲಿಂಗಪ್ಪ. ಊರು ಗೊಳಸಂಗಿ, ಊರವರ ಬಾಯಲ್ಲಿ ಮಿಲಿಟರಿ ಕಾಕಾ. ಹದಿನೆಂಟು ವರ್ಷ ಸೈನ್ಯದಲ್ಲಿ ಲಾರಿ ಓಡಿಸಿದವರು. ಅಲ್ಲಿ ಕೊಡುವ ರಮ್ಮಿನ ಪಾಲನ್ನು ಪಕ್ಕದವರಿಗೆ ದಾಟಿಸಿ, ಅವರ ಪಾಲಿನ ಸಕ್ಕರೆ, ಚಹಾಪುಡಿ ಇಸಿದುಕೊಳ್ಳುತ್ತಿದ್ದರಂತೆ. ಕೊರಳಲ್ಲಿ ಲಿಂಗ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಮಾತಿನಲ್ಲಿ ಮಿಲಿಟರಿ ಗತ್ತು.

ನಾನು ಸಿಂದಗಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಮಾಸ್ತರ. ಕುಡಿತದ ವಿಷಯದಲ್ಲಿ ಕಾಕಾನಷ್ಟು ಶುದ್ಧನಲ್ಲ. ವರ್ಷಕ್ಕೆ ಎರಡು ಮೂರು ಸಲ, ಗುರುತಿನವರ ಕಣ್ಣು ತಪ್ಪಿಸಿ, ಝಳಕಿಯ ಹೆದ್ದಾರಿ ಧಾಬಾಕ್ಕೆ ಹೋಗುತ್ತೇನೆ. ವಿಸ್ಕಿಗೆ ಸೋಡಾ ಸುರಿದು, ಮೇಲೆ ನಮ್ಮ ಪಕ್ಕದ ಇಂಡಿ ಊರಿನ ನಿಂಬೆಹಣ್ಣು ಹಿಂಡಿ, ಮಿರ್ಚಿ ಭಜಿ ಕಚ್ಚಿಕೊಂಡು ಗಟಗಟ ಇಳಿಸಿ ಬರುತ್ತೇನೆ. ವಿಸ್ಕಿಗೆ ರುಚಿ ಎಂಬುದೊಂದು ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

2002ರಲ್ಲಿ ಸ್ಕಾಟ್ಲೆಂಡಿನಿಂದ ನನಗೊಂದು ಕಾಗದ ಬಂತು. ಬಿಳಿಜೋಳದ ಮೊಳಕೆಯ ಬಗ್ಗೆ ನಾನು ಬರೆದಿದ್ದ ಸಣ್ಣ ಲೇಖನ ಅಲ್ಲಿ ಯಾರದೋ ಕಣ್ಣಿಗೆ ಬಿದ್ದು, ಧಾನ್ಯದ ಮೊಳಕೆ ಕುರಿತ ಒಂದು ಸಭೆಗೆ ಕರೆದಿದ್ದರು. ಅವರಿಗೆ ಬಾರ್ಲಿ, ನಮಗೆ ಜೋಳ. ಹೆಂಡತಿಗೂ ಬಾ ಎಂದರೆ, ಆ ಥಂಡಿ ದೇಶ ನನಗೆ ಬೇಡವೇ ಬೇಡ ಅಂದಳು. ಸುದ್ದಿ ಗೊಳಸಂಗಿಗೆ ಮುಟ್ಟಿದ ಮರುದಿನ ಮೊದಲ ಬಸ್ಸಿಗೇ ಕಾಕಾ ಸಿಂದಗಿಗೆ ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು.

“ಸ್ಕಾಟ್ಲೆಂಡಿನ ಬಾಜೂಕ ಐರ್ಲೆಂಡ್ ಐತಲ್ಲ?”

“ಐತ್ರಿ ಕಾಕಾ. ನಡುವ ಸಮುದ್ರ.”

“ಹಂಗಾರ ನಾನೂ ಬರ್ತೇನಿ. ಟಾಮ್ಯಾಗ ಒಂದು ಮಾತು ಕೊಟ್ಟೇನಿ.”

ಟಾಮ್ಯಾನ ಕಥೆಯನ್ನು ನಾನು ಅವತ್ತೇ ಮೊದಲು ಕೇಳಿದ್ದು. ಅರವತ್ತರ ದಶಕದ ಮೊದಲಿಗೆ ನಮ್ಮ ಸೈನ್ಯದ ಪಡೆ ಆಫ್ರಿಕಾದ ಕಾಂಗೋ ದೇಶಕ್ಕೆ ಶಾಂತಿ ಕಾಯಲು ಹೋಗಿತ್ತು. ಐರ್ಲೆಂಡಿನ ಸೈನಿಕರೂ ಬಂದಿದ್ದರು. ಅವರಲ್ಲೊಬ್ಬ ಟಾಮ್, ಅವನೂ ಲಾರಿ ಡ್ರೈವರ. ಕಾಕಾ ತಮ್ಮ ರಮ್ಮು ಅವನಿಗೆ ಕೊಡುತ್ತಿದ್ದರು, ಅವನು ತನ್ನ ಚಹಾಪುಡಿ ಇವರಿಗೆ. ಅವನು ಊರಿಗೆ ಹೊರಡುವ ಬೆಳಿಗ್ಗೆ ಹಸಿರು ಗಾಜಿನ ಬಾಟಲಿಯೊಂದನ್ನು ತಂದು ಕಾಕಾನ ಕೈಗಿಟ್ಟ. ಅವನ ತಾಯಿ ಮನೆಯಿಂದ ಕಳಿಸಿದ ಐರಿಷ್ ವಿಸ್ಕಿ ಅದು. ಬಿರಡೆಯ ಮೇಲೆ ದಪ್ಪಗೆ ಮೇಣ ಹಚ್ಚಿತ್ತು. “ಒಬ್ಬನೇ ತೆರೆಯಬೇಡ. ಇಬ್ಬರೂ ಕೂಡಿದಾಗ ತೆರೆಯೋಣ. ಕುಡಿಯುವ ರೀತಿ ನಾನೇ ಕಲಿಸುತ್ತೇನೆ,” ಅಂದನಂತೆ. ಕಾಕಾ ಅವನ ಕೈಮೇಲೆ ಕೈ ಹಾಕಿ ಹೂಂ ಅಂದಿದ್ದರು.

ಅಲ್ಲಿಂದ ನಲವತ್ತು ವರ್ಷ ಆ ಬಾಟಲಿ ಜೋಳದ ಕಣಜದ ತಳದಲ್ಲಿ ಮಲಗಿತ್ತು. ಸೆರೆಯ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ಮನೆ ನಮ್ಮದು. ಅಜ್ಜಿ ಇರುವ ತನಕ ಅಜ್ಜಿಯಿಂದಲೂ, ಮೊದಲಿನಿಂದಲೂ ಹೆಂಡತಿಯಿಂದ, ಅಂದರೆ ನಮ್ಮ ಚಿಗವ್ವನಿಂದ, ಕಾಕಾ ಅದನ್ನು ಬಚ್ಚಿಟ್ಟುಕೊಂಡೇ ಬಂದಿದ್ದರು. ಹಳೆಯ ಜೋಳ ತೀರಿ ಹೊಸದು ತುಂಬಿದರೂ ಕೈಯಾಡಿಸಿದರೆ ಬಾಟಲಿ ಇಟ್ಟಲ್ಲೇ ಇರುತ್ತಿತ್ತಂತೆ. ಇದಕ್ಕೆ ಕಾಕಾ ತಮ್ಮ ಜಾಣತನವನ್ನೇ ಹೊಗಳಿಕೊಂಡರು.

ಟಾಮ್ ವರ್ಷಕ್ಕೊಮ್ಮೆ ಕ್ರಿಸ್‌ಮಸ್ಸಿಗೆ ಕಾರ್ಡು ಬರೆಯುತ್ತಿದ್ದ. ಕಾಕಾ ಕೊನೆಯ ಕಾರ್ಡನ್ನು ಕಿಸೆಯಿಂದ ತೆಗೆದು ತೋರಿಸಿದರು. ಅಕ್ಷರಗಳು ನಡುಗಿದ್ದವು.

“ಟಾಮ್ಯಾನ ಕೈ ನಡಗಾಕತ್ತೈತಿ. ನಂದೂ ವಯಸ್ಸಾತು. ಈ ಸಲ ಬಿಟ್ರ ಮತ್ತ ಆಗೂದಿಲ್ಲ.”

“ಕಾಕಾ, ಕೂಡಿ ಕುಡೀತೇನಿ ಅಂತ ಮಾತು ಕೊಟ್ಟೀರಲ್ಲ. ಕುಡೀತೀರೇನ್ರಿ?”

ಅವರು ಕಾರ್ಡನ್ನು ಮಡಚಿ ಕಿಸೆಗಿಟ್ಟರು. “ಒಂದ ಗುಟುಕು. ಮಾತಂದ್ರ ಮಾತು. ಬಂದ ಮ್ಯಾಲ ಮಠಕ್ಕ ಹೋಗಿ ತಪ್ಪ ಒಪ್ಪಿಕೊಳ್ತೇನಿ.”

ಎಪ್ಪತ್ತರ ಹತ್ತಿರ ಬಂದ ಮನುಷ್ಯ, ಗೆಳೆಯನ ಮಾತಿಗಾಗಿ ಜನ್ಮದ ನೇಮ ಮುರಿಯಲು ಸಮುದ್ರ ದಾಟಲು ಸಿದ್ಧರಾಗಿದ್ದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮುಂಬೈ ವಿಮಾನ ನಿಲ್ದಾಣ

ನಮ್ಮ ಕೈಚೀಲದಲ್ಲಿ ಐವತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಇಂಡಿಯ ಎರಡು ಡಜನ್ ನಿಂಬೆಹಣ್ಣು, ಧೋತರದಲ್ಲಿ ಸುತ್ತಿದ ಬಾಟಲಿ ಇದ್ದವು. ತಪಾಸಣೆಯ ಅಧಿಕಾರಿ ರೊಟ್ಟಿಯನ್ನು ಬೆರಳಿಂದ ಬಡಿದು ನೋಡಿದ. ಅದು ಹಪ್ಪಳವೋ ಹಲಗೆಯೋ ಅವನಿಗೆ ತಿಳಿದಂತಿರಲಿಲ್ಲ. ಆಮೇಲೆ ಬಾಟಲಿ ಬಿಚ್ಚಿಸಿದ.

“ಎಲ್ಲರೂ ಅಲ್ಲಿಂದ ಇಲ್ಲಿಗೆ ವಿಸ್ಕಿ ತರುತ್ತಾರೆ. ನೀವು ಇಲ್ಲಿಂದ ಅಲ್ಲಿಗೆ ಒಯ್ಯುತ್ತಿದ್ದೀರಲ್ಲ?”

ಕಾಕಾ ತಮ್ಮ ಮಿಲಿಟರಿ ಹಿಂದಿಯಲ್ಲಿ ಹೇಳಿದ್ದು ಇಷ್ಟು: “ಅದರ ತವರುಮನೆ ಅಲ್ಲಿದೆ ಸಾಹೇಬ್. ನಲವತ್ತು ವರ್ಷ ಆಯಿತು, ಒಮ್ಮೆ ಕರೆದುಕೊಂಡು ಹೊರಟಿದ್ದೇನೆ.”

ಆ ಅಧಿಕಾರಿ ನಗುತ್ತ ತಾನೇ ಧೋತರ ಸುತ್ತಿಕೊಟ್ಟ.

ಐಲಾ ದ್ವೀಪ, ಮೊದಲ ದಿನ

ಎಡಿನ್‌ಬರೋದ ಸಭೆಯಲ್ಲಿ ನಾನು ಹೇಳಿದ್ದೇನು, ಅವರು ಕೇಳಿದ್ದೇನು ಎಂಬುದನ್ನು ಬಿಟ್ಟುಬಿಡುತ್ತೇನೆ. ಅಲ್ಲಿ ಸಿಕ್ಕ ಲಾಭ ಅಂದರೆ ಡಂಕನ್. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಐಲಾ ಎಂಬ ದ್ವೀಪದವನು. ಒಂದು ಭಟ್ಟಿಯಲ್ಲಿ ಜೀವಮಾನವಿಡೀ ಬಾರ್ಲಿಗೆ ಮೊಳಕೆ ಬರಿಸಿ ನಿವೃತ್ತನಾದ ಮುದುಕ. ಕೆಂಪು ಮುಖ, ಕಡಿಮೆ ಮಾತು. ನನ್ನ ಜೋಳದ ಮೊಳಕೆಯ ಚಿತ್ರ ನೋಡಿ, “ನಮ್ಮ ನೆಲ ನೋಡಲು ಬನ್ನಿ,” ಎಂದ. ಅಷ್ಟು ಸಾಕಾಯಿತು.

ಅವನು “ನೆಲ” ಅಂದದ್ದು ನಿಜವಾಗಿಯೂ ನೆಲವೇ. ಉದ್ದನೆಯ ಕೋಣೆಯ ಕಲ್ಲುಹಾಸಿನ ಮೇಲೆ ನೆನೆಸಿದ ಬಾರ್ಲಿ ಗೇಣು ದಪ್ಪಕ್ಕೆ ಹರಡಿತ್ತು. ಬಿಸಿಯಾಗದಂತೆ ಕಟ್ಟಿಗೆಯ ಸಲಿಕೆಯಿಂದ ಅದನ್ನು ಮೇಲಿಂದ ಮೇಲೆ ತಿರುವಿ ಹಾಕಬೇಕು. ಕಾಕಾ ಬೂಟು ಬಿಚ್ಚಿ, ಧೋತರ ಮೇಲೆತ್ತಿ ಕಟ್ಟಿ, ಡಂಕನ್‌ನ ಕೈಯಿಂದ ಸಲಿಕೆ ಇಸಿದುಕೊಂಡರು. ಕಾಳಿನ ರಾಶಿಯ ಮುಂದೆ ಬೂಟು ಹಾಕಿ ನಿಲ್ಲುವುದು ಅವರಿಂದ ಆಗದ ಕೆಲಸ. ಡಂಕನ್ ನೋಡುತ್ತ ನಿಂತ, ಆಮೇಲೆ ತಾನೂ ಬೂಟು ಬಿಚ್ಚಿದ.

ಮೊಳೆತ ಬಾರ್ಲಿಯನ್ನು ಒಣಗಿಸುವ ಗೂಡು ಪಕ್ಕದಲ್ಲೇ ಇತ್ತು. ಕೆಳಗೆ ಬೆಂಕಿ. ಅದಕ್ಕೆ ಹಾಕುವುದು ಕಟ್ಟಿಗೆಯಲ್ಲ, ಕಲ್ಲಿದ್ದಲೂ ಅಲ್ಲ. ಜೌಗಿನಲ್ಲಿ ಹುಲ್ಲು, ಬೇರು ಸಾವಿರಾರು ವರ್ಷ ಕೊಳೆತು ಆದ ಕರಿ ಹೆಂಟೆಗಳನ್ನು ಕಡಿದು ಒಣಗಿಸಿಟ್ಟಿರುತ್ತಾರೆ. ಅದರ ಹೊಗೆ ಕಾಳಿನ ಹೊಟ್ಟೆಯೊಳಗೆ ಇಳಿಯುತ್ತದೆ, ಅಲ್ಲಿಂದ ವಿಸ್ಕಿಗೆ. ಎಲ್ಲ ಸ್ಕಾಚಿಗೂ ಈ ಹೊಗೆ ಇರುವುದಿಲ್ಲವಂತೆ, ಈ ದ್ವೀಪದವರಿಗೆ ಮಾತ್ರ ಇದರ ಹುಚ್ಚು ಜಾಸ್ತಿ. ಕಾಕಾ ಮೂಗು ಅರಳಿಸಿದರು.

“ಲೇ ತಮ್ಮಾ, ಇದು ಸೀತನಿ ವಾಸನಿ.”

ಹೌದು, ಥೇಟ್ ಅದೇ. ಹಾಲುಗಾಳಿನ ಜೋಳದ ತೆನೆಯನ್ನು ಹೊಲದಲ್ಲೇ ಕುಳ್ಳಿನ ಕೆಂಡದಲ್ಲಿ ಸುಟ್ಟು, ಕೈಯಲ್ಲಿ ತಿಕ್ಕಿ, ಬಿಸಿಬಿಸಿ ತಿನ್ನುವ ನಮ್ಮ ಸೀತನಿ. ಏಳು ಸಮುದ್ರದಾಚೆಯ ಒಂದು ದ್ವೀಪದಲ್ಲಿ ನಿಂತು ನಾನು ಗೊಳಸಂಗಿಯ ಹೊಲದ ವಾಸನೆ ಕುಡಿಯುತ್ತಿದ್ದೆ. ಖುಷಿಗೆ ನನ್ನ ಮೈ ಜುಮ್ಮೆಂದಿತು.

ಆ ಖುಷಿಯಲ್ಲೇ ನಾನು ಎಡವಟ್ಟು ಮಾಡಿದೆ. ಡಂಕನ್ ತನ್ನ ಮನೆಯಲ್ಲಿ ನನ್ನ ಮುಂದೆ ಸಣ್ಣದೊಂದು ಗ್ಲಾಸು ಇಟ್ಟು, ಎರಡು ಬೆರಳಿನಷ್ಟು ಸುರಿದ. ಹದಿನೆಂಟು ವರ್ಷ ಪೀಪಾಯಿಯಲ್ಲಿ ಕೂತ ಸರಕಂತೆ. ನಾನು ಝಳಕಿಯ ರೂಢಿಯಂತೆ ಮೊದಲು ಬೆರಳು ಅದ್ದಿ ಭೂಮಿತಾಯಿಗೆ ನಾಲ್ಕು ಹನಿ ಸಿಡಿಸಿದೆ. ಎರಡು ಹನಿ ಅವನ ಕನ್ನಡಕದ ಮೇಲೆ ಬಿದ್ದವು. ಅವನು ತಡೆದುಕೊಂಡ. ಆಮೇಲೆ ನಾನು ಕೈಚೀಲದಿಂದ ಇಂಡಿಯ ನಿಂಬೆಹಣ್ಣು ತೆಗೆದು, ಹಲ್ಲಿನಿಂದ ಕಚ್ಚಿ, ಗ್ಲಾಸಿಗೆ ಹಿಂಡಿದೆ.

ಡಂಕನ್ ಕುರ್ಚಿಯಿಂದ ಅರ್ಧ ಎದ್ದು ನಿಂತ. ಕೆಂಪು ಮುಖ ಇನ್ನೂ ಕೆಂಪಾಯಿತು. ಕಾಕಾ ನನ್ನ ತೊಡೆಗೆ ಚಿವುಟಿ, “ಏನೋ ಮಾಡಬಾರದ್ದು ಮಾಡಿದಿ ನೀ,” ಎಂದು ಪಿಸುಗುಟ್ಟಿದರು.

ಡಂಕನ್ ಆ ಗ್ಲಾಸನ್ನು ದೂರ ಸರಿಸಿ, ಸಾಲೆಯ ಹುಡುಗನಿಗೆ ಕಲಿಸುವಂತೆ ಮೊದಲಿಂದ ಶುರುಮಾಡಿದ. ಐಸು ಬೇಡ, ನಾಲಿಗೆ ಮರಗಟ್ಟುತ್ತದೆ. ಸೋಡಾ ಬೇಡ, ಗುಳ್ಳೆಗಳು ಜಗಳಕ್ಕೆ ಬರುತ್ತವೆ. ಹೊಟ್ಟೆ ಉಬ್ಬಿ ಬಾಯಿ ಕಿರಿದಾದ ಗ್ಲಾಸು ಬೇಕು, ವಾಸನೆ ಅಲ್ಲಿ ಕೂಡಿಕೊಳ್ಳುತ್ತದೆ. ಮೂಗನ್ನು ಒಮ್ಮೆಲೇ ತೂರಿಸಬೇಡ, ಸುಟ್ಟುಹೋಗುತ್ತದೆ. ಬಾಯಿ ತುಸು ತೆರೆದು, ಗ್ಲಾಸನ್ನು ಮೆಲ್ಲಗೆ ಹತ್ತಿರ ತಾ. ಮೊದಲು ಹಾಗೇ ಒಂದು ಗುಟುಕು. ನಾಲಿಗೆಯ ಮೇಲೆ ಹೊರಳಾಡಿಸು, ಆಮೇಲೆ ನುಂಗು. ಎರಡನೆಯ ಗುಟುಕಿಗೆ ಮೊದಲು ಕೆಲವೇ ಹನಿ ನೀರು ಹಾಕು, ಆಗ ಅದು ಬಾಯಿ ಬಿಡುತ್ತದೆ.

ನಾನು ಹಾಗೆಯೇ ಮಾಡಿದೆ. ಮೊದಲು ಹೊಗೆ, ಅದರ ಹಿಂದೆ ಉಪ್ಪು, ನೀರು ಬಿದ್ದ ಮೇಲೆ ಎಲ್ಲಿಂದಲೋ ಜೇನು. ನಲವತ್ನಾಲ್ಕರ ವಯಸ್ಸಿನಲ್ಲಿ ಮೊದಲ ಸಲ ನನಗೆ ವಿಸ್ಕಿಯ ರುಚಿ ಸಿಕ್ಕಿತು. ಅಷ್ಟು ವರ್ಷ ನಾನು ಕುಡಿದದ್ದು ಬರೀ ಸೋಡಾ ಮತ್ತು ಭಯ.

ಡಂಕನ್ ಆಮೇಲೆ ಮೂರು ಗ್ಲಾಸುಗಳಲ್ಲಿ ಮೂರು ಬಗೆ ಸುರಿದ. ಕಾಕಾ ಕುಡಿಯಲಿಲ್ಲ, ಮೂಸಿದರು ಅಷ್ಟೇ. “ಇದು ಸೀತನಿ. ಇದು ಬೆಲ್ಲದ ಗಾಣ. ಇದರಾಗ ಹೊಗಿ ಇಲ್ಲ, ಹಳೇ ಕಪಾಟಿನ ವಾಸನಿ ಐತಿ.” ನಾನು ಇಂಗ್ಲಿಷಿನಲ್ಲಿ ಹೇಳಿದ ಹಾಗೆ ಡಂಕನ್ ತಲೆದೂಗಿದ. ಒಂದೊಂದೂ ಸರಿಯಾಗಿತ್ತು. ಕುಡಿಯದ ಮೂಗು ಕೆಡದ ಮೂಗು ಎಂದ.

ನಾನು ಹನಿ ಸಿಡಿಸಿದ್ದು ಯಾಕೆಂದು ಅವನು ಕೇಳಿದ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಉಣ್ಣುವ ಮೊದಲು ಅಡುಗೆಯಲ್ಲಿ ಒಂದಿಷ್ಟು ಭೂಮಿಗೆ ಎರಚಿ ಚರಗ ಚೆಲ್ಲುತ್ತೇವೆ, ಆ ರೂಢಿ ಕುಡುಕರಿಗೂ ಇಳಿದುಬಂದಿದೆ ಎಂದೆ. ಅವನು ನಕ್ಕ. ಪೀಪಾಯಿಯಲ್ಲಿ ಕೂತ ವಿಸ್ಕಿ ವರ್ಷವರ್ಷ ಸ್ವಲ್ಪ ಆವಿಯಾಗಿ ಹೋಗುತ್ತದಂತೆ, ಅದು ದೇವದೂತರ ಪಾಲು ಎಂದು ಇವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಾವು ನೆಲಕ್ಕೆ ಕೊಡುತ್ತೇವೆ, ಅವರು ಮುಗಿಲಿಗೆ.

ಐಲಾ, ಎರಡನೆಯ ದಿನ

ಬೆಳಿಗ್ಗೆ ಕಾಕಾ ಖಡಕ್ ರೊಟ್ಟಿ ತೆಗೆದರು. ಡಂಕನ್ ತನ್ನ ಮನೆಯ ಓಟ್ಸಿನ ರೊಟ್ಟಿ ತೆಗೆದ. ಅದೂ ಗಟ್ಟಿ, ಇದೂ ಗಟ್ಟಿ. ಇಬ್ಬರೂ ಒಬ್ಬರದನ್ನೊಬ್ಬರು ಕಟಂ ಕಟಂ ಕಡಿದು ಮೆಚ್ಚಿಕೊಂಡರು. ಆ ಸಲುಗೆಯಲ್ಲೇ ಕಾಕಾ ಬಾಟಲಿಗೆ ಸುತ್ತಿದ್ದ ಧೋತರ ಬಿಚ್ಚಿ ತೋರಿಸಿದರು. ಕಥೆಯನ್ನು ನಾನು ಹೇಳಿದೆ.

ಡಂಕನ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಬೋರಲು ಮಾಡಿದ, ನೇರ ಮಾಡಿದ, ಒಳಗೆ ಏಳುವ ಗುಳ್ಳೆಗಳನ್ನು ಕಣ್ಣು ಕಿರಿದು ಮಾಡಿ ನೋಡಿದ. ತಳದಲ್ಲಿ ಕಂದು ಗಸಿ ಅಲುಗಾಡಿತು.

“ಇದನ್ನು ಹೇಗೆ ಇಟ್ಟಿದ್ದಿರಿ?”

“ಜ್ವಾಳದಾಗ. ಮಲಗಿಸಿ,” ಎಂದರು ಕಾಕಾ, ನನ್ನ ಮೂಲಕ.

“ವಿಸ್ಕಿಯ ಬಾಟಲಿ ನಿಂತೇ ಇರಬೇಕು. ಮಲಗಿಸಿದರೆ ಸರಕು ಬಿರಡೆಯನ್ನು ತಿನ್ನುತ್ತದೆ, ಬಿರಡೆ ಸರಕನ್ನು ಕೆಡಿಸುತ್ತದೆ.”

ನಾನು ಇದನ್ನು ಕನ್ನಡಕ್ಕೆ ತರಬಾರದಿತ್ತು. ಕಾಕಾನ ಮುಖ ಇಳಿದುಹೋಯಿತು. ಡಂಕನ್ ಇನ್ನೂ ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡ. ಕೊನೆಗೆ ಬಾಟಲಿಯನ್ನು ಎರಡೂ ಕೈಯಿಂದ ಮರಳಿಸುತ್ತ, “ಕೊಟ್ಟವನ ಮುಂದೆಯೇ ತೆರೆಯಿರಿ. ಬೇರೆ ಯಾರ ಮುಂದೆಯೂ ಬೇಡ,” ಎಂದಷ್ಟೇ ಹೇಳಿದ. ಐರಿಷ್ ಸರಕನ್ನು ಹೊಗಳಲು ಸ್ಕಾಟ್ಲೆಂಡಿನವನಿಗೆ ಮನಸ್ಸು ಬಾರದು ಎಂದು ನಾನು ಅರ್ಥಮಾಡಿಕೊಂಡೆ.

ಹಡಗಿನಲ್ಲಿ

ಸ್ಕಾಟ್ಲೆಂಡಿನಿಂದ ಐರ್ಲೆಂಡಿಗೆ ಹಡಗಿನಲ್ಲಿ ದಾಟಿದೆವು. ಸಮುದ್ರ ಕುದಿಯುತ್ತಿತ್ತು. ಡೋಣಿ ನದಿಯ ಹೊರತು ಬೇರೆ ಮಹಾಪೂರ ಕಾಣದ ನನ್ನ ಹೊಟ್ಟೆ ಬಾಯಿಗೆ ಬಂತು. ಕಾಕಾ ನಿಂಬೆಹಣ್ಣು ಹೋಳು ಮಾಡಿ ನನ್ನ ಮೂಗಿಗೆ ಹಿಡಿದರು. ಇನ್ನೊಂದು ಕೈಯಲ್ಲಿ ಬಾಟಲಿಯನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡಿದ್ದರು. ಹಡಗು ಎತ್ತ ವಾಲಿದರೂ ಬಾಟಲಿ ಮಾತ್ರ ವಾಲಲಿಲ್ಲ.

“ಕಾಕಾ, ನಲವತ್ತ ವರ್ಷ ಮಲಗಿದ್ದು, ಈಗ ನಿಂದರಿಸಿದ್ರ ಏನಾಗ್ತೈತ್ರಿ?”

“ಟಾಮ್ಯಾನ ಅವ್ವ ಕಳಿಸಿದ್ದು ಅದು. ಅಂವ ತನ್ನ ಬಾಯಿಂದ ಕಸದು ನನಗ ಕೊಟ್ಟಾನ. ನಾ ಅದನ್ನ ಕೆಡಿಸಿ ಒಯ್ದು, ತಗೊ ಅಂತ ಯಾವ ಮಾರಿ ಇಟಗೊಂಡು ಹೇಳ್ಲಿ?”

ನಾನು ನಿಂಬೆಹೋಳನ್ನು ಅವರ ಕೈಯಿಂದ ಇಸಿದುಕೊಂಡೆ, ಅವರು ಎರಡೂ ಕೈಯಿಂದ ಬಾಟಲಿ ಹಿಡಿದರು.

ಡಬ್ಲಿನ್

ಐರ್ಲೆಂಡಿನ ಜನ ಮಾತಿನ ಮಲ್ಲರು. ದಾರಿ ಕೇಳಿದರೆ ದಾರಿಯ ಜೊತೆ ತಮ್ಮ ಸೋದರಮಾವನ ಕಥೆಯನ್ನೂ ಹೇಳುತ್ತಾರೆ. ಮನಗೂಳಿಯ ಸಂತೆಯಲ್ಲಿ ನಿಂತ ಹಾಗಾಯಿತು ನನಗೆ. ಮಧ್ಯಾಹ್ನದ ಮಳೆಗೆ ನಾವು ಒಂದು ಪಬ್ಬಿಗೆ ನುಗ್ಗಿದೆವು. ಕಾಕಾ ಹೊಸ್ತಿಲಲ್ಲಿ ತಡೆದು ನಿಂತರು. ಒಳಗೆ ಒಬ್ಬ ಮುದುಕಿ ಹೆಣಿಗೆ ಹಾಕುತ್ತ ಕುಳಿತಿದ್ದಳು, ಇಬ್ಬರು ಗಂಡಸರು ಚಹಾ ಕುಡಿಯುತ್ತಿದ್ದರು. “ಚಾ ಸಿಗೂ ಜಾಗಾ ಅಂದ್ಮ್ಯಾಲ ಅಡ್ಡಿ ಇಲ್ಲ,” ಎಂದು ಕಾಕಾ ಒಳಗೆ ಬಂದರು. ಆ ಚಹಾ ಹಾಲು ಹಾಕಿದರೂ ಕಂದಾಗಿ, ಖಡಕ್ಕಾಗಿತ್ತು. ಕಾಂಗೋದಲ್ಲಿ ಟಾಮ್ ಮಾಡುತ್ತಿದ್ದದ್ದೂ ಹೀಗೇ ಎಂದರು.

ಪಬ್ಬಿನ ಯಜಮಾನಿ ಗಟ್ಟಿ ಹೆಂಗಸು. ಸ್ಕಾಚಿಗೂ ನಿಮ್ಮದಕ್ಕೂ ಏನು ಭೇದ ಎಂದು ಕೇಳಿದ್ದೇ ತಡ, ಒರೆಸುತ್ತಿದ್ದ ಗ್ಲಾಸು ಕೆಳಗಿಟ್ಟಳು. ಅವರು ಕಾಳನ್ನು ಹೊಗೆ ಹಾಕಿ ಅಳಿಸುತ್ತಾರೆ, ನಾವು ಹೆಚ್ಚಾಗಿ ಹೊಗೆ ತಾಗಿಸದೆ ಒಣಗಿಸುತ್ತೇವೆ. ಅವರು ಮೊಳಕೆಯ ಬಾರ್ಲಿ ಮಾತ್ರ ಹಾಕಿ ಮಾಡುವ ಸರಕಿನ ಜಂಬ ಕೊಚ್ಚುತ್ತಾರೆ, ನಾವು ಮೊಳೆಯದ ಹಸಿ ಬಾರ್ಲಿಯನ್ನೂ ಸೇರಿಸುತ್ತೇವೆ. ಅವರು ಎರಡು ಸಲ ಭಟ್ಟಿ ಇಳಿಸುತ್ತಾರೆ, ನಾವು ಬಹುತೇಕ ಮೂರು ಸಲ. ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಕೂರಿಸುವುದು ಇಬ್ಬರಿಗೂ ಒಂದೇ. ವಿಸ್ಕಿ ಎಂದು ಇಂಗ್ಲಿಷಿನಲ್ಲಿ ಬರೆಯುವಾಗ ನಾವು ಒಂದು ಅಕ್ಷರ ಜಾಸ್ತಿ ಹಾಕುತ್ತೇವೆ, ಕೈ ದೊಡ್ಡದು ನಮ್ಮದು, ಎಂದಳು.

ನಾನು ಡಂಕನ್ ಕಲಿಸಿದಂತೆ ಮೂಸಿ, ಗುಟುಕರಿಸಿ, ಧ್ಯಾನಕ್ಕೆ ಕುಳಿತೆ. ಹೊಗೆಯ ಸುಳಿವಿಲ್ಲ. ನಾಲಿಗೆಯ ಮೇಲೆ ಎಣ್ಣೆಯಂತೆ ನುಣ್ಣಗೆ ಹರಡಿ, ಕೊನೆಗೆ ಮೆಣಸಿನ ಕಾಳು ಕಡಿದಷ್ಟು ಖಾರ. ಯಜಮಾನಿಗೆ ನನ್ನ ಮೌನ ಸೇರಲಿಲ್ಲ. “ಸ್ಕಾಚನ್ನು ಯೋಚಿಸುತ್ತ ಕುಡಿಯುತ್ತಾರೆ, ಇದನ್ನು ಮಾತಾಡುತ್ತ ಕುಡಿಯಬೇಕು. ನೀವು ಊರಿನ ಸುದ್ದಿ ಹೇಳಿ,” ಎಂದಳು. ಸೋಡಾ ಬೇಕಿದ್ದರೆ ಕೊಡುತ್ತೇನೆ, ನಿಮ್ಮ ಗ್ಲಾಸು ನಿಮ್ಮ ಇಷ್ಟ, ಎಂದೂ ಸೇರಿಸಿದಳು.

ಆ ಧೈರ್ಯದ ಮೇಲೆ ನಾನು ಹೆದರುತ್ತ ನಿಂಬೆಹಣ್ಣು ತೋರಿಸಿದೆ. ಅವಳ ಕಣ್ಣು ಅರಳಿದವು. ಅದನ್ನು ತೆಗೆದುಕೊಂಡು ಹೋಗಿ, ಬಿಲ್ಲೆ ಮಾಡಿ, ಲವಂಗ ಚುಚ್ಚಿ, ಸಕ್ಕರೆ, ವಿಸ್ಕಿ, ಕುದಿಯುವ ನೀರು ಹಾಕಿ ತಂದಳು. ಥಂಡಿಗೆ, ನೆಗಡಿಗೆ ಇಲ್ಲಿ ಎಲ್ಲರೂ ಹೀಗೆ ಕುಡಿಯುತ್ತಾರಂತೆ. ಕಾಕಾ ಮೂಸಿ, “ಇದು ಕಷಾಯ,” ಎಂದು ತೀರ್ಪು ಕೊಟ್ಟರು. ಐಲಾದಲ್ಲಿ ನನ್ನ ಮಾನ ಕಳೆದ ಇಂಡಿಯ ನಿಂಬೆಹಣ್ಣು ಡಬ್ಲಿನ್‌ನಲ್ಲಿ ಮಾನ ಉಳಿಸಿತು. ಉಳಿದ ಹಣ್ಣುಗಳಲ್ಲಿ ಅರ್ಧ ಆ ಯಜಮಾನಿಗೆ ಕೊಟ್ಟು ಬಂದೆ.

ಕಾರ್ಕ್ ಸೀಮೆ

ಟಾಮ್‌ನ ಊರು ದಕ್ಷಿಣದ ಕಾರ್ಕ್ ಪಟ್ಟಣದಿಂದ ಬಸ್ಸಿನಲ್ಲಿ ಒಂದು ತಾಸು. ಹಸಿರು ಎಷ್ಟೆಂದರೆ ಕಣ್ಣಿಗೆ ಬೇಸರ ಬರುವಷ್ಟು. ಕಾಕಾ ಹಣೆಗೆ ಹೊಸದಾಗಿ ವಿಭೂತಿ ಹಚ್ಚಿಕೊಂಡಿದ್ದರು.

ಟಾಮ್ ಗೇಟಿನ ಹತ್ತಿರವೇ ಕೋಲು ಊರಿ ನಿಂತಿದ್ದ. ಎತ್ತರದ ಆಳು, ಬಾಗಿದ ಬೆನ್ನು, ನಡುಗುವ ಕೈ. ಇಬ್ಬರೂ ಮೊದಲು ಸಲಾಮು ಹೊಡೆದರು. ಆಮೇಲೆ ತಬ್ಬಿಕೊಂಡವರು ಬಹಳ ಹೊತ್ತು ಬಿಡಲಿಲ್ಲ. “ಶಿವಾ,” ಎಂದ ಅವನು. “ಟಾಮ್ಯಾ,” ಎಂದರು ಇವರು. ಟಾಮ್‌ನ ಹೆಂಡತಿ ನೋರಾ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಣ್ಣು ಒರೆಸಿಕೊಂಡೆವು.

ಒಳಗೆ ಒಲೆಯಲ್ಲಿ ಅದೇ ಕರಿ ಹೆಂಟೆ ಉರಿಯುತ್ತಿತ್ತು, ಐಲಾದ್ದೇ ವಾಸನೆ. “ಅವರು ಹೊಗಿನ ಬಾಟಲ್ಯಾಗ ಹಾಕ್ಯಾರ, ಇವರು ಮನ್ಯಾಗ ಇಟಗೊಂಡಾರ,” ಎಂದರು ಕಾಕಾ. ನನ್ನ ಮಟ್ಟಿಗೆ ಸ್ಕಾಚಿಗೂ ಐರಿಷ್ಷಿಗೂ ಇರುವ ಭೇದ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ.

ಕಾಕಾ ಬಾಟಲಿಯನ್ನು ಮೇಜಿನ ಮೇಲೆ ನಿಲ್ಲಿಸಿದರು. ಟಾಮ್‌ನ ಮುಖ ಬೆಳ್ಳಗಾಯಿತು. ಆಗ ನಾನು ಅವನ ಕೋಟಿನ ಮೇಲೆ ಚುಚ್ಚಿದ್ದ ಸಣ್ಣ ಪಿನ್ನು ನೋಡಿದೆ. ಸೆರೆ ಮುಟ್ಟುವುದಿಲ್ಲ ಎಂದು ದೇವರ ಮುಂದೆ ವ್ರತ ಹಿಡಿದವರು ಇಲ್ಲಿ ಹಾಕಿಕೊಳ್ಳುವ ಗುರುತು ಅದು, ಪಬ್ಬಿನಲ್ಲಿ ಚಹಾ ಕುಡಿಯುತ್ತಿದ್ದವರ ಕೋಟಿನ ಮೇಲೆ ಕಂಡು ಕೇಳಿದಾಗ ಯಜಮಾನಿ ಹೇಳಿದ್ದಳು. ಕುಡಿಯದ ಇಬ್ಬರು ಮುದುಕರ ನಡುವೆ ಒಂದು ಬಾಟಲಿ.

ಕಾಕಾ ತಮ್ಮ ಹಳೆಯ ಮಿಲಿಟರಿ ಇಂಗ್ಲಿಷಿನಲ್ಲಿ, ಅಲ್ಲಲ್ಲಿ ನನ್ನ ಆಸರೆಯಲ್ಲಿ, ತಪ್ಪೊಪ್ಪಿಗೆ ಶುರುಮಾಡಿದರು. ನಲವತ್ತು ವರ್ಷ ಮಲಗಿಸಿಟ್ಟೆ, ನಿನ್ನ ತಾಯಿಯ ವಿಸ್ಕಿ ಕೆಟ್ಟಿದ್ದರೆ ಅದು ನನ್ನ ತಪ್ಪು, ಕ್ಷಮಿಸು. ಟಾಮ್ ಏನೋ ಹೇಳಲು ಹೋದ. ಕಾಕಾ ಕೈ ಅಡ್ಡ ಮಾಡಿ, ಮೇಣ ಕೆರೆದು, ಬಿರಡೆ ತಿರುವಿದರು. ಬಿರಡೆ ಪುಡಿಪುಡಿಯಾಗಿ ಉದುರಿತು. ಎರಡು ಗ್ಲಾಸಿಗೆ ಸುರಿದರು. ಡಂಕನ್ ಕಲಿಸಿದಂತೆ ಬಾಯಿ ತುಸು ತೆರೆದು ಮೂಗಿನ ಹತ್ತಿರ ತಂದರು.

ಮತ್ತೊಮ್ಮೆ ಮೂಸಿದರು. ಅವರ ಕಣ್ಣಲ್ಲಿ ನೀರು ಬಂತು.

“ಏನೂ ಇಲ್ಲ ತಮ್ಮಾ. ಹೊಗಿ ಇಲ್ಲ, ಖಾರ ಇಲ್ಲ, ಮೂಗ ಸುಡವಲ್ಲದು. ಬರೇ ಕೊಳೆತ ಎಲಿ ವಾಸನಿ. ನಾ ಕೆಡಿಸಿಬಿಟ್ಟೇನಿ.”

ಟಾಮ್ ಕಾಕಾನ ಕೈಯಿಂದ ಗ್ಲಾಸು ತೆಗೆದು ಕೆಳಗಿಟ್ಟ. “ನೀನಲ್ಲ, ಶಿವಾ,” ಎಂದ. “ಅದು ಚಹಾ.”

ಟಾಮ್ ನೆಲ ನೋಡುತ್ತ ಹೇಳಿದ. ಆ ಬಾಟಲಿ ಕಾಕಾನಿಗೆ ಕೊಡಬೇಕೆಂದೇ ತಾಯಿಗೆ ಬರೆದು ತರಿಸಿದ್ದನಂತೆ. ಹೊರಡುವ ಹಿಂದಿನ ದಿನ ಒಂದು ಗುಟುಕು ನೋಡೋಣ ಎಂದು ತೆರೆದ. ಆಗಿನ ಕಾಲಕ್ಕೆ ಅವನಿಗೆ ಒಂದು ಗುಟುಕು ಎಂಬುದು ಇರಲಿಲ್ಲ. ತಳ ಕಂಡ ಮೇಲೆ ನಾಚಿಕೆಯಾಗಿ, ಹಾಲಿಲ್ಲದ ಚಹಾ ಕುದಿಸಿ ತುಂಬಿ, ಮೇಣದಬತ್ತಿ ಕರಗಿಸಿ ಮುಚ್ಚಿದ. ಶಿವಾ ಕುಡಿಯದ ಮನುಷ್ಯ, ತೆರೆಯುವುದಿಲ್ಲ, ಊರಿಗೆ ಹೋಗಿ ನಿಜವಾದದ್ದು ಕಳಿಸುತ್ತೇನೆ ಅಂದುಕೊಂಡ. ಕಳಿಸಲಿಲ್ಲ. ಮರುವರ್ಷ ವ್ರತ ಹಿಡಿದ, ಅಂದಿನಿಂದ ಮುಟ್ಟಿಲ್ಲ. ಪ್ರತಿ ಕ್ರಿಸ್‌ಮಸ್ಸಿಗೆ ಕಾರ್ಡು ಬರೆಯುವಾಗ ಇದನ್ನು ಬರೆಯಬೇಕೆಂದು ಕೂತು, ಬರೀ ಶುಭಾಶಯ ಬರೆದು ಕಳಿಸುತ್ತಿದ್ದ.

ಬಾಟಲಿಯ ಗುಳ್ಳೆ, ಗಸಿ ನೋಡಿದ ಡಂಕನ್ ಯಾಕೆ ಬಾಯಿ ಮುಚ್ಚಿಕೊಂಡ ಎಂಬುದು ನನಗೆ ಆಗ ತಿಳಿಯಿತು. ಅವನ ಬಗ್ಗೆ ಹಗುರವಾಗಿ ಯೋಚಿಸಿದ್ದಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಕಾಕಾ ಗ್ಲಾಸನ್ನೇ ನೋಡುತ್ತ ಕುಳಿತಿದ್ದರು. ಸಿಟ್ಟು ಬಂದೀತೆಂದು ನಾನು ಹೆದರಿದ್ದೆ. ಅವರ ಭುಜ ಅಲುಗಿತು. ಆಮೇಲೆ ಹೊಟ್ಟೆ. ಆಮೇಲೆ ಕಾಕಾ ನಗಲು ಶುರುಮಾಡಿದರು. ಕೆಮ್ಮು ಬರುವ ತನಕ ನಕ್ಕರು.

“ಅಲ್ಲೋ ಟಾಮ್ಯಾ, ಚಾ ಸಲುವಾಗಿ ನಲವತ್ತ ವರ್ಷ ನನ್ನ ಮನ್ಯಾಗ ನಾ ಕಳ್ಳ ಆಗಿದ್ನೆಲ್ಲೋ.”

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಟಾಮ್ ನಗಲಿಲ್ಲ, ಅಳುತ್ತಿದ್ದ. ಕಾಕಾ ಅವನ ನಡುಗುವ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. “ಅಳಬ್ಯಾಡೋ. ಕೂಡಿ ಕುಡೀತೇನಿ ಅಂದಿದ್ನಿ, ಜನ್ಮದ ನೇಮ ಮುರಿಯೂದಕ್ಕ ತಯಾರಾಗಿ ಬಂದಿದ್ನಿ. ಚಾ ಅಂದ್ರ ನಾನೂ ಕುಡೀಬಹುದು, ನೀನೂ ಕುಡೀಬಹುದು. ಇಬ್ಬರ ಮಾತೂ ಉಳೀತು.”

ನೋರಾ ಹೊಸದಾಗಿ ಚಹಾ ಕುದಿಸಿದಳು. ಕಾಕಾ ಹಳೆಯ ಚಹಾವನ್ನು ಹಿತ್ತಲಿಗೆ ಒಯ್ದು, ಗುಲಾಬಿ ಗಿಡಗಳ ಬುಡಕ್ಕೆ ಚರಗ ಚೆಲ್ಲಿ ಬಂದರು. ಆಮೇಲೆ ಆ ಎರಡೂ ಗ್ಲಾಸು ತೊಳೆದು, ಹೊಸ ಚಹಾ ಹಾಕಿ, ಇಬ್ಬರೂ ಒಲೆಯ ಮುಂದೆ ಕುಳಿತು ಕುಡಿದರು. ಟಾಮ್ ಕಪಾಟಿನಿಂದ ಅತಿಥಿಗಳಿಗೆಂದು ಇಟ್ಟ ಐರಿಷ್ ವಿಸ್ಕಿ ತೆಗೆದು ನನಗೆ ಸುರಿದ. ಕುಡಿಯುವ ರೀತಿ ಕಲಿಸುತ್ತೇನೆ ಎಂದು ಕಾಂಗೋದಲ್ಲಿ ಕೊಟ್ಟ ಮಾತನ್ನು ನನ್ನ ಮೇಲೆ ತೀರಿಸಿದ. ಅವನು ಕಲಿಸಿದ್ದು ಒಂದೇ: ಒಬ್ಬನೇ ಕುಡಿಯಬೇಡ, ಎರಡನೆಯದು ಸುರಿಯುವ ಮೊದಲು ಎದುರಿಗಿದ್ದವನ ಮಾತು ಪೂರ್ತಿ ಕೇಳು. ಅವತ್ತು ಅವರಿಬ್ಬರ ಮಾತು ಮುಗಿಯಲೇ ಇಲ್ಲ, ನನಗೆ ಎರಡನೆಯದು ಸಿಗಲೇ ಇಲ್ಲ.

ಮತ್ತೆ ಗೊಳಸಂಗಿ

ಖಾಲಿ ಬಾಟಲಿಯನ್ನು ಕಾಕಾ ಬಿಟ್ಟು ಬರಲಿಲ್ಲ. ಮನೆಗೆ ಬಂದವರೇ ಎಲ್ಲರಿಗೂ ಕಾಣುವಂತೆ ಪಡಸಾಲೆಯ ಮಾಡದಲ್ಲಿ ನಿಲ್ಲಿಸಿದರು. ಚಿಗವ್ವ ಕಂಬದ ಹತ್ತಿರ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಾಕಾ ಮಿಲಿಟರಿ ಆಳಿನಂತೆ ಅವಳ ಮುಂದೆ ನೆಟ್ಟಗೆ ನಿಂತರು.

“ಇದರಾಗ ಸೆರಿ ಐತಿ ಅಂತ ನಲವತ್ತ ವರ್ಷ ನಿನ್ನ ಕಡಿಂದ ಮುಚ್ಚಿಟ್ಟಿದ್ನಿ. ತಪ್ಪಾತು. ತಗದ ನೋಡಿದ್ರ ಬರೇ ಚಾ.”

ಚಿಗವ್ವ ಮೊರ ಕೆಳಗಿಟ್ಟಳು. “ಚಾ?”

“ಚಾ. ಲಿಂಗದ ಆಣಿ.”

ಅವಳು ಬಾಟಲಿ ನೋಡಿದಳು, ಗಂಡನನ್ನು ನೋಡಿದಳು, ಕೊನೆಗೆ ನನ್ನ ಕಡೆ ತಿರುಗಿದಳು.

“ಕೇಳಪಾ ತಮ್ಮಾ. ವರ್ಷಾ ಕಣಜ ಝಾಡಸಾಕಿ ಯಾರು? ನಾನು. ಹೊಸಾ ಜ್ವಾಳ ತುಂಬೂಮುಂದ ಇದನ್ನ ಹೊಳ್ಳಿ ಅದ ಜಾಗಾದಾಗ ಮಲಗಿಸಾಕಿ ಯಾರು? ನಾನು. ಸೆರಿ ಮುಟ್ಟೀನಿ ಅಂತ ಪ್ರತಿ ಸಲಾನೂ ಮಾಗಿ ಥಂಡ್ಯಾಗ ತಲಿ ಮ್ಯಾಲ ತಣ್ಣೀರ ಹಾಕ್ಕೊಂಡೀನಿ. ಇವರಿಗೊಂದು ಮಾತು ಅಂದಿಲ್ಲ.” ಅವಳು ಮೊರ ಮತ್ತೆ ಕೈಗೆತ್ತಿಕೊಂಡಳು. “ನಲವತ್ತ ವರ್ಷ ಚಾ ಮುಟ್ಟಿ ಜಳಕಾ ಮಾಡೀನಲ್ಲಪಾ.”